ಬಾರದವರ ಎಲೆಗೆ ದುಡ್ಡು ಯಾರದು?

ಕಳೆದ ಮಳೆಗಾಲದ ಒಂದು ಶನಿವಾರ. ಕಾಲೇಜಿನ ಹಳೆಯ ಗೆಳೆಯರೆಲ್ಲ ಬೆಂಗಳೂರಿನ ರೆಸ್ಟೋರೆಂಟ್ ಒಂದರಲ್ಲಿ ಸೇರುವುದೆಂದಾಗಿತ್ತು. ಬರುತ್ತೇವೆ ಎಂದವರು 22 ಮಂದಿ. ತಲೆಗೆ ತೆರಿಗೆ ಸೇರಿ 650 ರೂಪಾಯಿ. ಗೆಳತಿಯೊಬ್ಬಳು ಮುಂಗಡ ಕೊಟ್ಟು ಬುಕ್ ಮಾಡಿದ್ದಳು. ಸಂಜೆ ಆರಕ್ಕೆ ಮಳೆ ಹಿಡಿಯಿತು. ಅದರ ಬೆನ್ನಿಗೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೊಂದಾಗಿ ‘ಸಾರಿ’ಗಳು ಬರತೊಡಗಿದವು. ಕೊನೆಗೆ ಕೂತವರು 13 ಮಂದಿ. ಜೋಡಿಸಿಟ್ಟ ಉದ್ದನೆಯ ಮೇಜಿನ ಒಂದು ತುದಿಯಲ್ಲಿ 9 ತಟ್ಟೆಗಳು ಮುಟ್ಟದೆ ಉಳಿದವು.

ಬಿಲ್ ಬಂದದ್ದು 22 ಜನರ ಲೆಕ್ಕದಲ್ಲೇ: 14,300 ರೂಪಾಯಿ. ಬಂದವರೇ ಹಂಚಿಕೊಂಡರೆ ತಲೆಗೆ 1,100. ಬಾರದವರು ತಮ್ಮ ಪಾಲು ಕೊಟ್ಟರೆ ಎಲ್ಲರಿಗೂ ಅದೇ 650. ಎರಡೂ ಆಗಲಿಲ್ಲ. ‘ಆಮೇಲೆ ನೋಡೋಣ ಬಿಡ್ರೋ’ ಎಂದು ಗೆಳತಿ ನಮ್ಮಿಂದ 650ರಂತೆ ಮಾತ್ರ ತೆಗೆದುಕೊಂಡು ಉಳಿದ 5,850 ರೂಪಾಯಿಯನ್ನು ತಾನೇ ಕಟ್ಟಿದಳು.

ಇದು ಒಬ್ಬಳ ಕಥೆಯಲ್ಲ. ಗುಂಪಿನ ಊಟ, ಪ್ರವಾಸ, ಹುಟ್ಟುಹಬ್ಬ ಎಲ್ಲದರಲ್ಲೂ ಮುಂದಾಳಾದವರ ಪಾಡು ಇದೇ. ಕೊನೆಗಳಿಗೆಯಲ್ಲಿ ಕೈಕೊಟ್ಟವರು ತಮ್ಮ ಪಾಲು ಕೊಡಬೇಕು. ಹೋಟೆಲಿನವರು ತಮಗಾದ ನಷ್ಟವನ್ನಷ್ಟೇ ಕೇಳಬೇಕು ಎಂಬುದು ನನ್ನ ಸ್ಪಷ್ಟ ನಿಲುವು. ಇವೆರಡೂ ಒಟ್ಟಿಗೆ ಆಗಬೇಕು.

ಹೋಟೆಲಿನ ಕಡೆಯಿಂದ ನೋಡೋಣ. ತೊಳೆಯದ ಅಕ್ಕಿ, ಹೆಚ್ಚದ ತರಕಾರಿ ನಾಳೆಗೂ ಆಗುತ್ತದೆ. ಮಸಾಲೆಯಲ್ಲಿ ನೆನೆದ ಪನೀರ್, ಕುದಿಸಿಟ್ಟ ಗ್ರೇವಿ, ಕಲಸಿದ ಹಿಟ್ಟು ಹಾಗಲ್ಲ. ಅದಕ್ಕಿಂತ ದೊಡ್ಡ ನಷ್ಟ ಜಾಗದ್ದು. ಶನಿವಾರ ರಾತ್ರಿ ಎಂಟರಿಂದ ಹತ್ತರವರೆಗಿನ ವ್ಯಾಪಾರದಲ್ಲೇ ಅನೇಕ ಹೋಟೆಲುಗಳ ವಾರದ ಗಳಿಕೆಯ ದೊಡ್ಡ ಪಾಲು ಇರುತ್ತದೆ. ನಮಗೆಂದು ಕಾಯ್ದಿರಿಸಿದ 9 ಕುರ್ಚಿಗಳಿಗಾಗಿ ಬಾಗಿಲಲ್ಲಿ ನಿಂತ ಗಿರಾಕಿಗಳನ್ನು ವಾಪಸ್ ಕಳಿಸಿರುತ್ತಾರೆ. ಬಡಿಸುವವರಿಗೆ ಆ ದಿನದ ಕೂಲಿ ಕೊಡಲೇಬೇಕು. ಆದ್ದರಿಂದ ‘ತಿನ್ನದ ಊಟಕ್ಕೆ ದುಡ್ಡೇಕೆ’ ಎಂಬ ವಾದ ನಿಲ್ಲುವುದಿಲ್ಲ. ಸಿನಿಮಾ ಟಿಕೆಟ್ ತೆಗೆದು ಹೋಗದಿದ್ದರೆ ದುಡ್ಡು ವಾಪಸ್ ಕೇಳುತ್ತೇವೆಯೇ?

ಹಾಗೆಂದು ಹೋಟೆಲು ಮನಬಂದಷ್ಟು ವಸೂಲಿ ಮಾಡುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ; ಆ ನಷ್ಟವನ್ನು ತಗ್ಗಿಸುವ ದಾರಿ ಇತ್ತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಖಾಲಿ ಕುರ್ಚಿಗಳಿಗೆ ಬೇರೆ ಗಿರಾಕಿ ಸಿಕ್ಕಿದ್ದರೆ ಅಷ್ಟು ನಷ್ಟ ಕಡಿಮೆಯಾಯಿತು ಎಂದೇ ಅರ್ಥ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ 74ನೇ ಕಲಂ ಪ್ರಕಾರ ಅದು ಗರಿಷ್ಠ ಮಿತಿಯಷ್ಟೇ. ಅದರೊಳಗೆ ನ್ಯಾಯಯುತವಾದಷ್ಟನ್ನು ಮಾತ್ರ ಪಡೆಯಬಹುದು. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ನಷ್ಟಕ್ಕೆ ಹೋಲಿಸಿದರೆ ವಿಪರೀತವೆನಿಸುವ ದಂಡ ಹೇರುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂದು ಗುರುತಿಸುತ್ತದೆ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆದರೆ ಈ ಕಾನೂನುಗಳೆಲ್ಲ ಹೋಟೆಲು ಮತ್ತು ಬುಕ್ ಮಾಡಿದವರ ನಡುವಿನವು. ಗುಂಪಿನೊಳಗಿನ ಲೆಕ್ಕಕ್ಕೆ ಕೋರ್ಟು ಕಚೇರಿ ಹತ್ತುವವರಿಲ್ಲ. ಅಲ್ಲಿ ಇರುವುದು ನಮ್ಮ ಮಾತು ಮಾತ್ರ. ಆ ಮಾತು ಸಡಿಲವಾಗಲು ಒಂದು ಹಳೆಯ ರೂಢಿ ಕಾರಣ. ಮದುವೆ, ಗೃಹಪ್ರವೇಶಗಳಿಗೆ ನಾವು ಹೋದರೂ ಸರಿ, ಬಿಟ್ಟರೂ ಸರಿ. ಎಲೆಯ ಲೆಕ್ಕ ಹಾಕುವುದು ಕರೆದವರ ಪಾಡು. ಮುಖದ ಮೇಲೆ ‘ಇಲ್ಲ’ ಎನ್ನಲಾಗದೆ ‘ಬರ್ತೀವಿ’ ಎನ್ನುವುದು ಅಲ್ಲಿ ಸೌಜನ್ಯ. ಅದೇ ರೂಢಿಯನ್ನು ಹಂಚಿಕೊಂಡು ಉಣ್ಣುವ ಊಟಕ್ಕೂ ತಂದಿದ್ದೇವೆ. ಇಲ್ಲಿ ಕರೆದವರೂ ನಾವೇ, ಬಂದವರೂ ನಾವೇ. ಬುಕ್ ಮಾಡಿದವರು ಎಲ್ಲರ ಪರವಾಗಿ ಓಡಾಡಿದವರೇ ಹೊರತು ಊಟ ಹಾಕಿಸುವ ಯಜಮಾನರಲ್ಲ.

ಕಾಯಿಲೆ, ಸಾವು, ಅಪಘಾತ ಬಂದರೆ? ಮನುಷ್ಯರಾದವರು ಅಂಥ ಹೊತ್ತಿನಲ್ಲಿ ದುಡ್ಡು ಕೇಳುವುದಿಲ್ಲ. ಆದರೆ ‘ನನ್ನ ಪಾಲು ಕಳಿಸುತ್ತೇನೆ’ ಎನ್ನುವುದು ಬಾರದವರ ಕರ್ತವ್ಯ; ‘ಬೇಡ, ನಾವು ನೋಡಿಕೊಳ್ಳುತ್ತೇವೆ’ ಎನ್ನುವುದು ಬಂದವರ ದೊಡ್ಡತನ. ಮೊದಲ ಮಾತು ಬಾರದವರ ಬಾಯಿಂದಲೇ ಬರಬೇಕು. ನಮ್ಮ 9 ಮಂದಿಯಲ್ಲಿ ಮರುದಿನ ಬೆಳಿಗ್ಗೆ ಕೇಳದೆಯೇ 650 ರೂಪಾಯಿ ಕಳಿಸಿದವನು ಒಬ್ಬನೇ. ಅಂದು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದವನೂ ಅವನೇ. ಗೆಳತಿ ಆ ಹಣವನ್ನು ಹಿಂದಿರುಗಿಸಿದಳು. ಮಳೆಯ ನೆಪ ಹೇಳಿದವರು ಸುಮ್ಮನಿದ್ದರು.

ಪರಿಹಾರ ಕಷ್ಟದ್ದಲ್ಲ. ಹೆಸರು ಕೊಡುವಾಗಲೇ ಪಾಲಿನ ಹಣವನ್ನೂ ಕೊಡುವ ಪದ್ಧತಿ ಬರಲಿ. ಯುಪಿಐ ಕಾಲದಲ್ಲಿ ಅದು ನಿಮಿಷದ ಕೆಲಸ. ಹೆಸರು ಹಿಂತೆಗೆದುಕೊಳ್ಳಲು ಒಂದು ಗಡುವಿರಲಿ, ಅದು ಹೋಟೆಲು ಕೊಡುವ ಗಡುವಿಗಿಂತ ಒಂದು ದಿನ ಮುಂಚಿನದಾಗಿರಲಿ. ಎಷ್ಟು ಜನರಿಗೆ ಕನಿಷ್ಠ ಬಿಲ್, ಯಾವಾಗ ತಿಳಿಸಿದರೆ ಎಷ್ಟು ವಾಪಸ್ ಎಂಬುದನ್ನು ಹೋಟೆಲಿನವರು ಮುಂಗಡ ಪಡೆಯುವಾಗಲೇ ಬರೆದುಕೊಡಲಿ. ಎರಡು ದಿನ ಮೊದಲು ತಿಳಿಸಿದವರಿಗೂ ಎರಡು ಗಂಟೆ ಮೊದಲು ತಿಳಿಸಿದವರಿಗೂ ಒಂದೇ ದಂಡ ಹಾಕುವುದು ನ್ಯಾಯವಲ್ಲ.

ಆ ಶನಿವಾರದ ನಂತರ ನಮ್ಮ ಗೆಳೆಯರ ಬಳಗ ಮತ್ತೆ ಸೇರಿಲ್ಲ. ‘ಈ ಸಲ ಎಲ್ಲಿ?’ ಎಂದು ಗುಂಪಿನಲ್ಲಿ ಕೇಳುವವರಿದ್ದಾರೆ. ಮೊದಲೆಲ್ಲ ಅದಕ್ಕೆ ಉತ್ತರಿಸುತ್ತಿದ್ದವಳು ಅವಳೊಬ್ಬಳೇ. ಈಗ ಅವಳು ಉತ್ತರಿಸುವುದಿಲ್ಲ.