ಎರಡನೆಯ ತೆರೆಗೆ ದಾರಿ ಯಾವುದು?

ಹಿಂದೆ ಬ್ಯಾಂಕಿನ ಗುಮಾಸ್ತರ ಮೇಜಿನ ಮೇಲೆ ಎರಡು ಪುಸ್ತಕಗಳು ಸದಾ ತೆರೆದಿರುತ್ತಿದ್ದವು. ಒಂದು ದಿನವಹಿ, ಇನ್ನೊಂದು ಖಾತೆವಹಿ. ಕಣ್ಣು ಒಂದರಿಂದ ಇನ್ನೊಂದಕ್ಕೆ ಹರಿದಾಡಿದಾಗಲೇ ಲೆಕ್ಕ ತಾಳೆ ಬೀಳುತ್ತಿದ್ದುದು. ಒಂದನ್ನು ಮುಚ್ಚಿ, ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡು, ಇನ್ನೊಂದನ್ನು ತೆರೆದು ಬರೆಯಹೊರಟರೆ ತಪ್ಪು ನುಸುಳದೆ ಇರದು. ಇಂದು ಆ ಪುಸ್ತಕಗಳ ಸ್ಥಾನದಲ್ಲಿ ಕಂಪ್ಯೂಟರು ಬಂದು ಕುಳಿತಿದೆ. ಪುಸ್ತಕಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಆದರೆ ನೋಡಲು ಇರುವ ತೆರೆ ಮಾತ್ರ ಒಂದೇ.

ಬೆಂಗಳೂರಿನ ಚಾಮರಾಜಪೇಟೆಯ ಒಂದು ಮನೆ. ತಂದೆ ಬ್ಯಾಂಕಿನಿಂದ ನಿವೃತ್ತರಾದವರು. ಮಗಳು ಮನೆಯಲ್ಲಿಯೇ ಕುಳಿತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆದುಕೊಡುವವಳು. ತಿಂಗಳಿಗೊಮ್ಮೆ ಜಿ.ಎಸ್.ಟಿ. ವಿವರ ಸಲ್ಲಿಸುವ ವ್ಯಾಪಾರಿಗಳಿಗೆ 20ನೆಯ ತಾರೀಖೆಂದರೆ ಗಡುವು. ತಡವಾದರೆ ದಂಡ, ತಪ್ಪಾದರೆ ಅಂಗಡಿಯವರಿಟ್ಟ ವಿಶ್ವಾಸಕ್ಕೆ ಪೆಟ್ಟು. ಬಿಲ್ಲಿನ ಹಾಳೆಯನ್ನು ತೆರೆಯ ಮೇಲೆ ತಂದುಕೊಂಡು ನೋಡುವುದು, ಅದನ್ನು ಮರೆಮಾಡಿ ಲೆಕ್ಕದ ಹಾಳೆಯನ್ನು ತರುವುದು, ಮತ್ತೆ ಬಿಲ್ಲಿಗೆ ಹಿಂದಿರುಗುವುದು – ಹೀಗೆ ದಿನಕ್ಕೆ ನೂರಾರು ಬಾರಿ. ಒಂದು ಸಂಜೆ 6,840 ಎಂಬುದು 8,640 ಆಗಿಬಿಟ್ಟಿತು. ಆ ಒಂದು ತಪ್ಪನ್ನು ಹುಡುಕುವಷ್ಟರಲ್ಲಿ ರಾತ್ರಿ ಹನ್ನೊಂದು ಗಂಟೆ.

ತಂದೆಯವರು ಇದನ್ನೆಲ್ಲ ನೋಡುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಅಟ್ಟದ ಮೇಲಿದ್ದ ಹಳೆಯ ಮಾನಿಟರನ್ನು ಕೆಳಗಿಳಿಸಿ ಧೂಳು ಒರೆಸಿದರು. ಅದಕ್ಕಿದ್ದುದು ಹಳೆಯ ಕಾಲದ ವಿ.ಜಿ.ಎ. ಕೇಬಲು. ಕಂಪ್ಯೂಟರಿನ ಹಿಂಭಾಗದಲ್ಲಿ ಎಚ್.ಡಿ.ಎಂ.ಐ. ಪೋರ್ಟು ಒಂದೇ ಕಂಡಿತು. ಅದರಲ್ಲಿ ಹೊಸ ಮಾನಿಟರಿನ ಕೇಬಲು ಆಗಲೇ ಕುಳಿತಿತ್ತು. ಪಿಂಚಣಿಯ ಹಣದಲ್ಲಿ ಒಂದಿಷ್ಟನ್ನು ಜೇಬಿಗಿಟ್ಟುಕೊಂಡು ಅವರು ಎಸ್.ಪಿ. ರಸ್ತೆಗೆ ಹೊರಟರು. “ಒಂದು ಪೋರ್ಟಿಗೆ ಎರಡು ಮಾನಿಟರು ಹಾಕಬೇಕು” ಎಂದು ಕೇಳಿದರು. ಕೇಳಿದ್ದನ್ನೇ ಅಂಗಡಿಯವನು ಕೊಟ್ಟ: ಒಂದು ಸ್ಪ್ಲಿಟರು, ಜೊತೆಗೆ ಎಚ್.ಡಿ.ಎಂ.ಐ.ನಿಂದ ವಿ.ಜಿ.ಎ.ಗೆ ಬದಲಾಯಿಸುವ ಒಂದು ಕನ್ವರ್ಟರು.

ಮನೆಗೆ ಬಂದು ಜೋಡಿಸಿದಾಗ ಎರಡು ತೆರೆಗಳೂ ಬೆಳಗಿದವು. ತಂದೆಯವರ ಮುಖವೂ ಬೆಳಗಿತು. ಆದರೆ ಮಗಳು ಬಿಲ್ಲನ್ನು ತೆರೆದಳು, ಎರಡರಲ್ಲಿಯೂ ಬಿಲ್ಲು. ಲೆಕ್ಕವನ್ನು ತೆರೆದಳು, ಎರಡರಲ್ಲಿಯೂ ಲೆಕ್ಕ.

“ಇಲ್ಲಿ ಕಾಣುವುದೇ ಅಲ್ಲಿಯೂ ಕಾಣುತ್ತದಲ್ಲ, ಅಪ್ಪಾ.”

“ನೋಡಮ್ಮ, ನಾನು ಕೇಳಿದ್ದರಲ್ಲೇ ಏನೋ ತಪ್ಪಾಯಿತೆಂದು ತೋರುತ್ತದೆ” ಎಂದರು ತಂದೆಯವರು, ತುಸು ಕುಗ್ಗಿದ ದನಿಯಲ್ಲಿ.

ಅವರು ಹೇಳಿದ್ದು ನಿಜ. ತಪ್ಪು ಸಾಮಾನಿನದಲ್ಲ, ಪ್ರಶ್ನೆಯದು. ತೆರೆಯ ಮೇಲೆ ಕಾಣುವ ಚಿತ್ರವನ್ನು ಬರೆಯುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಚಿಪ್ಪು. ಸ್ಪ್ಲಿಟರು ಕುಳಿತಿರುವುದಾದರೋ ಯಂತ್ರದ ಹೊರಗೆ. ಒಳಗಿನಿಂದ ಬಂದ ಒಂದೇ ಚಿತ್ರವನ್ನು ಅದು ಎರಡು ಕಡೆಗೆ ಹಂಚುತ್ತದೆ, ಅಷ್ಟೆ. ಕಾರ್ಬನ್ ಹಾಳೆಯಿಟ್ಟು ಬರೆದರೆ ಪ್ರತಿಗಳು ಎರಡಾದಾವು, ಪತ್ರಗಳು ಎರಡಾಗವು. ಸಭಾಂಗಣದಲ್ಲಿ ಒಂದೇ ದೃಶ್ಯವನ್ನು ಎರಡು ಮೂಲೆಗಳಲ್ಲಿ ತೋರಿಸಬೇಕಾದವರಿಗೆ ಸ್ಪ್ಲಿಟರು ಒಳ್ಳೆಯ ಸಾಧನ. ಬಿಲ್ಲನ್ನೂ ಲೆಕ್ಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ.

ಆದುದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಈ ಯಂತ್ರವು ಏಕಕಾಲದಲ್ಲಿ ಎಷ್ಟು ಬೇರೆ ಬೇರೆ ಚಿತ್ರಗಳನ್ನು ಬರೆಯಬಲ್ಲುದು? ಅವು ಯಾವ ಯಾವ ಬಾಗಿಲುಗಳಿಂದ ಹೊರಗೆ ಬರುತ್ತವೆ? ಬಾಗಿಲುಗಳ ಎಣಿಕೆಯೂ ಚಿತ್ರಗಳ ಎಣಿಕೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಆಪಲ್ ಸಂಸ್ಥೆಯ 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಯಂತ್ರಕ್ಕೆ ಯು.ಎಸ್.ಬಿ.-ಸಿ ಪೋರ್ಟುಗಳು ಎರಡಿದ್ದರೂ, ಆ ಸಂಸ್ಥೆಯೇ ತಿಳಿಸಿರುವಂತೆ, ಅದು ನಡೆಸಬಲ್ಲ ಹೊರಗಿನ ಮಾನಿಟರು ಒಂದೇ. ಯಂತ್ರದ ಮಾದರಿಯ ಹೆಸರನ್ನು ಗುರುತು ಮಾಡಿಕೊಂಡು ತಯಾರಕರ ವಿವರಪಟ್ಟಿಯನ್ನು ನೋಡಿದರೆ ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಯಂತ್ರದ ಬೆನ್ನ ಮೇಲೆಯೇ ಇದೆ. ಹದಿನೈದು ಸಣ್ಣ ತೂತುಗಳುಳ್ಳ, ಸಾಮಾನ್ಯವಾಗಿ ನೀಲಿ ಬಣ್ಣದ ಪೋರ್ಟು 1987ರಲ್ಲಿ ಐ.ಬಿ.ಎಂ. ಸಂಸ್ಥೆ ತಂದ ವಿ.ಜಿ.ಎ. ಚಪ್ಪಟೆಯಾಗಿ, ಕೆಳಭಾಗ ಎರಡೂ ಕಡೆ ಕಿರಿದಾಗಿರುವುದು 2002ರ ಎಚ್.ಡಿ.ಎಂ.ಐ. ಒಂದೇ ಮೂಲೆ ಓರೆಯಾಗಿರುವುದು 2006ರ ಡಿಸ್‌ಪ್ಲೇಪೋರ್ಟ್. ಮೇಲೆ ಕೆಳಗೆಂಬ ಭೇದವಿಲ್ಲದ ಪುಟ್ಟ ಅಂಡಾಕಾರದ್ದು 2014ರ ಯು.ಎಸ್.ಬಿ.-ಸಿ. ಈ ಕೊನೆಯದರ ವಿಷಯದಲ್ಲಿ ಎಚ್ಚರ ಬೇಕು. ರೂಪ ಒಂದೇ ಆದರೂ ಕೆಲವು ಯಂತ್ರಗಳಲ್ಲಿ ಅದು ಚಿತ್ರವನ್ನು ಸಾಗಿಸುತ್ತದೆ. ಕೆಲವುಗಳಲ್ಲಿ ಕಡತಗಳನ್ನೂ ವಿದ್ಯುತ್ತನ್ನೂ ಮಾತ್ರ ಸಾಗಿಸುತ್ತದೆ. ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಥವಾ ‘ಥಂಡರ್‌ಬೋಲ್ಟ್’ ಎಂದು ಬರೆದಿದ್ದರೆ ಮಾನಿಟರಿಗೆ ಅದು ದಾರಿಯಾದೀತು.

ಕನ್ವರ್ಟರುಗಳಿಗೂ ದಿಕ್ಕು ಉಂಟು. ಎಚ್.ಡಿ.ಎಂ.ಐ.ನಿಂದ ವಿ.ಜಿ.ಎ.ಗೆ ಹೋಗುವ ಕನ್ವರ್ಟರನ್ನು ತಿರುಗಿಸಿ ಹಾಕಿದರೆ ವಿ.ಜಿ.ಎ.ನಿಂದ ಎಚ್.ಡಿ.ಎಂ.ಐ.ಗೆ ಚಿತ್ರ ಬಾರದು. ಕೊಳ್ಳುವಾಗ ಕಂಪ್ಯೂಟರಿನ ಕಡೆ ಯಾವುದು, ಮಾನಿಟರಿನ ಕಡೆ ಯಾವುದು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಜಾಣತನ.

ಇರುವ ಬಾಗಿಲುಗಳೆಲ್ಲ ತುಂಬಿದ್ದರೆ? ಆಗಲೂ ದಾರಿಗಳು ಇಲ್ಲದಿಲ್ಲ. ಡಿಸ್‌ಪ್ಲೇಪೋರ್ಟಿನ 1.2ನೆಯ ಆವೃತ್ತಿಯಿಂದ ಈಚೆಗೆ ಒಂದೇ ಕೇಬಲಿನಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಬೇರೆ ಬೇರೆಯಾಗಿಯೇ ಕಳುಹಿಸುವ ಏರ್ಪಾಡಿದೆ, ಇದಕ್ಕೆ ‘ಎಂ.ಎಸ್.ಟಿ. ಹಬ್’ ಎಂಬ ಸಾಧನ ಬೇಕು. ವಿಂಡೋಸ್ ಯಂತ್ರಗಳಲ್ಲಿ ಇದು ನಡೆಯುತ್ತದೆ. ಆಪಲ್‌ನ ಮ್ಯಾಕ್ ಯಂತ್ರಗಳಲ್ಲಿ ಈ ಹಬ್ಬಿನ ಎರಡು ಮಾನಿಟರುಗಳಲ್ಲಿಯೂ ಒಂದೇ ಚಿತ್ರ ಬರುತ್ತದೆ. ಮೇಜಿನ ಕಂಪ್ಯೂಟರಾದರೆ ಒಳಗೆ ಸ್ಥಳವನ್ನೂ ವಿದ್ಯುತ್ತಿನ ಅನುಕೂಲವನ್ನೂ ನೋಡಿ ಗ್ರಾಫಿಕ್ಸ್ ಕಾರ್ಡು ಹಾಕಿಸಬಹುದು. ಹಾಗೆ ಹಾಕಿಸಿದ ಮೇಲೆ ಎರಡು ಮಾನಿಟರುಗಳನ್ನೂ ಆ ಕಾರ್ಡಿಗೇ ಜೋಡಿಸುವುದು ಲೇಸು. ಅನೇಕ ಯಂತ್ರಗಳಲ್ಲಿ ಕಾರ್ಡು ಬಂದೊಡನೆ ಹಳೆಯ ಪೋರ್ಟುಗಳು ಮೌನ ತಾಳುತ್ತವೆ.

ಇನ್ನೊಂದು ದಾರಿ ಸಾಧಾರಣ ಯು.ಎಸ್.ಬಿ. ಪೋರ್ಟಿನದು. 1920ಕ್ಕೆ 1080ರ ತೆರೆಯಲ್ಲಿ ಬಿಂದುಗಳ ಸಂಖ್ಯೆ 20,73,600. ಒಂದೊಂದು ಬಿಂದುವಿಗೆ 24 ಬಿಟ್‌ಗಳಂತೆ ಸೆಕೆಂಡಿಗೆ 60 ಬಾರಿ ಬರೆದರೆ ಸುಮಾರು 299 ಕೋಟಿ ಬಿಟ್‌ಗಳು. ಹಳೆಯ ಯು.ಎಸ್.ಬಿ. 2.0 ಹೊರಬಲ್ಲುದು ಹೆಚ್ಚೆಂದರೆ ಸೆಕೆಂಡಿಗೆ 48 ಕೋಟಿ, ಯು.ಎಸ್.ಬಿ. 3.0ರ ಮಿತಿ 500 ಕೋಟಿ. ಆದ್ದರಿಂದ ‘ಡಿಸ್‌ಪ್ಲೇಲಿಂಕ್’ ಬಗೆಯ ಅಡಾಪ್ಟರುಗಳಲ್ಲಿ ಕಂಪ್ಯೂಟರು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ; ಅಡಾಪ್ಟರಿನೊಳಗಿನ ಚಿಪ್ಪು ಅದನ್ನು ಬಿಡಿಸಿ ತೋರಿಸುತ್ತದೆ. ಇದಕ್ಕೆ ಪ್ರತ್ಯೇಕ ತಂತ್ರಾಂಶ ಹಾಕಿಕೊಳ್ಳಬೇಕು. ಯಂತ್ರಕ್ಕೆ ದುಡಿಮೆಯೂ ಹೆಚ್ಚು. ಪತ್ರ, ಲೆಕ್ಕ, ಓದುಗಳಿಗೆ ಇದು ಧಾರಾಳವಾಗಿ ಸಾಕು. ವೇಗದ ಆಟಗಳಿಗೆ ತಕ್ಕುದಲ್ಲ.

ಚಾಮರಾಜಪೇಟೆಯ ಮನೆಯಲ್ಲಿ ಇದಾವುದೂ ಬೇಕಾಗಲಿಲ್ಲ. ಮಗಳು ಕಂಪ್ಯೂಟರಿನ ಪೆಟ್ಟಿಗೆಯನ್ನು ಗೋಡೆಯಿಂದೀಚೆಗೆ ಎಳೆದು ಬೆಳಕಿಗೆ ತಿರುಗಿಸಿದಳು. ಎಚ್.ಡಿ.ಎಂ.ಐ. ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಉಗುರಿನಿಂದ ಎತ್ತಿದರೆ ಕೆಳಗೆ ಹದಿನೈದು ತೂತುಗಳು! ಹಳೆಯ ಮಾನಿಟರಿನ ಕೇಬಲನ್ನು ಕನ್ವರ್ಟರಿನಿಂದ ಬಿಡಿಸಿ ನೇರವಾಗಿ ಅಲ್ಲಿಗೆ ಕೂಡಿಸಿದಳು. ಹೊಸ ಮಾನಿಟರಿನ ಕೇಬಲು ಮತ್ತೆ ತನ್ನ ಹಳೆಯ ಜಾಗಕ್ಕೆ ಹೋಯಿತು. ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯನ್ನು ಒತ್ತಿಕೊಂಡು ‘ಪಿ’ ಒತ್ತಿ, ಬಂದ ಪಟ್ಟಿಯಲ್ಲಿ ‘ಎಕ್ಸ್‌ಟೆಂಡ್’ ಎಂಬುದನ್ನು ಆರಿಸಿದಳು. ಹಳೆಯ ತೆರೆಯಲ್ಲಿ ಅಕ್ಷರಗಳು ಸ್ವಲ್ಪ ಮಸುಕಾಗಿ ಕಂಡವು. ಮಾನಿಟರಿನ ‘ಆಟೋ’ ಗುಂಡಿಯನ್ನು ಒಮ್ಮೆ ಒತ್ತಿದ ಮೇಲೆ ಸರಿಹೋದವು. ಎಡಕ್ಕೆ ಬಿಲ್ಲು, ಬಲಕ್ಕೆ ಲೆಕ್ಕ.

ಹಣ ದಂಡವಾಯಿತೆಂದು ತಂದೆಯವರು ಪೇಚಾಡಿದರು. ಮಗಳು ಸ್ಪ್ಲಿಟರನ್ನು ಡಬ್ಬಿಗೆ ಹಾಕಿ ಅವರ ಕೈಗೆ ಕೊಟ್ಟು, “ಇದು ಹಿಂದಿರುಗಿಸಿದರಾಯಿತು ಅಪ್ಪಾ. ಅಟ್ಟದ ಮೇಲಿದ್ದುದನ್ನು ನೆನೆದವರು ನೀವೇ ಅಲ್ಲವೆ?” ಎಂದಳು.

ಆ ತಿಂಗಳ 19ನೆಯ ತಾರೀಖಿನ ಸಂಜೆ ತಂದೆಯವರು ಕನ್ನಡಕವನ್ನು ಏರಿಸಿಕೊಂಡು ಮಗಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು. ಎಡಗಡೆಯ ತೆರೆಯಿಂದ ಅವರು ಅಂಕಿಗಳನ್ನು ಓದುತ್ತ ಹೋದರು. ಬಲಗಡೆಯದರಲ್ಲಿ ಅವಳು ತಾಳೆ ನೋಡುತ್ತ ಬಂದಳು. ಎಂಟೂವರೆಗೆ ಕೆಲಸ ಮುಗಿಯಿತು. ಒಂದು ಪೈಸೆಯೂ ಹೆಚ್ಚುಕಡಿಮೆ ಬರಲಿಲ್ಲ.