ಹತ್ತು ರೂಪಾಯಿಯ ಮಡಕೆ

ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ 1607ರಲ್ಲಿ ನೆಲೆಯೂರಿದ ಇಂಗ್ಲಿಷರ ಒಡೆದ ಹೂಜಿ, ಹೊಗೆಸೊಪ್ಪಿನ ಕೊಳವೆಗಳನ್ನೆಲ್ಲ 1994ರಿಂದ ಅಗೆದಗೆದು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಮೊಬೈಲಲ್ಲಿ ನೋಡಿ 'ವಾವ್' ಅಂದವನು ನಾನು. ಅದೇ ನಾನು, ವೀಕೆಂಡಿಗೆ ಬಂಡೀಪುರಕ್ಕೆ ಹೊರಟವನು, ತೆರಕಣಾಂಬಿಯ ಹಾಳು ಕೋಟೆ ಹತ್ರ ಕಾಲಿಗೆ ಸಿಕ್ಕ ಮಡಕೆ ಚೂರನ್ನ ಒದ್ದು ಮುಂದೆ ಹೋದೆ!

ಬ್ರಿಟಿಷರ 1878ರ ನಿಧಿ ಕಾಯ್ದೆ ಪ್ರಕಾರ, ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬಾಳಿದ್ರೆ ಕಲೆಕ್ಟರಿಗೆ ತಿಳಿಸಬೇಕು. ಅವರು ಹೋದ್ರು, ಆ ಹತ್ತು ರೂಪಾಯಿ ಲೆಕ್ಕ ನಮ್ಮ ತಲೆಯಲ್ಲೇ ಉಳೀತು. ಕೋಟೆ ಯಾರು ಗೆದ್ರು ಅಂತ ಕೇಳ್ತೀವಿ. ಒಳಗೆ ಸಾರು ಕುದಿಸಿದವಳು ಯಾರು ಅಂತ ಕೇಳಲ್ಲ. ಹೊನ್ನಿನಾಸೆಗೆ ಗುಡಿ ಅಗೆಯೋ ಕಳ್ಳರನ್ನ ಬೈಯೋಕೆ ನಮಗೇನು ಹಕ್ಕಿದೆ?

ಚೂರು ಕಂಡ್ರೆ ಒದೀಬೇಡಿ, ಜೇಬಿಗೂ ಹಾಕ್ಕೋಬೇಡಿ. ಅಲ್ಲೇ ಬಿಟ್ಟು, ಫೋಟೊ ತೆಗೆದು, ಪುರಾತತ್ವ ಇಲಾಖೆಗೆ ಕಳಿಸಿ.