ಬಡಿದದ್ದೆಲ್ಲ ಕೂಡುವುದಿಲ್ಲ

ಶಿರೂರಿನಿಂದ ಬಾದಾಮಿಯತ್ತ ಹೊರಟರೆ ಕೆಂಪು ಮರಳುಗಲ್ಲು, ಇಳಕಲ್ಲಿನತ್ತ ಹೊರಳಿದರೆ ಗುಲಾಬಿ ಗ್ರಾನೈಟ್. ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಇಷ್ಟು ಹಳೆಯ ನೆಲದಲ್ಲಿ ಭೂಮಿ ಹುಟ್ಟಿದ ಗುರುತು ಎಲ್ಲಾದರೂ ಸಿಕ್ಕೀತು ಅನ್ನಿಸುವುದು ಸಹಜ. ಸಿಗುವುದಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಇಳಕಲ್ಲಿನ ಬಂಡೆ ಹೆಪ್ಪುಗಟ್ಟುವ ಹೊತ್ತಿಗೆ ಅದರಲ್ಲಿ 200 ಕೋಟಿ ಕಳೆದಿತ್ತು. ಮಳೆ, ಗಾಳಿ, ಒಡಲ ಕಾವು ಸೇರಿ ಮೊದಲ ಪುಟಗಳನ್ನು ಒರೆಸಿಬಿಟ್ಟಿದ್ದವು.

ಆ ಪುಟಗಳ ತುಂಬ ಇದ್ದದ್ದು ಡಿಕ್ಕಿಗಳು. ಎಳೆಯ ಸೂರ್ಯನ ಸುತ್ತ ಧೂಳು ಅಂಟಿಕೊಂಡು ಬೆಳೆಯಿತು. ಕಿಲೋಮೀಟರುಗಟ್ಟಲೆ ಗಾತ್ರದ ಕಾಯಗಳಾದ ಮೇಲೆ ಗುರುತ್ವವೇ ಅವನ್ನು ಒಟ್ಟುಗೂಡಿಸಿತು. ಕಡೆಗೆ ಚಂದ್ರನಷ್ಟು, ಮಂಗಳನಷ್ಟು ದೊಡ್ಡ ಕಾಯಗಳೇ ಪರಸ್ಪರ ಬಡಿದವು. ಆದರೆ ಬಡಿದದ್ದೆಲ್ಲ ಕೂಡುವುದಿಲ್ಲ. ಪರಸ್ಪರ ಸೆಳೆತದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗಕ್ಕಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ನೇರವಾಗಿ ಬಡಿದರೆ ಎರಡೂ ಒಂದಾಗುತ್ತವೆ. ಓರೆಯಾಗಿ, ಜೋರಾಗಿ ಸವರಿದರೆ ಮೈ ಕೆತ್ತಿಸಿಕೊಂಡು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ವೇಗ ವಿಪರೀತವಾದರೆ ಚೂರುಚೂರು. ಲೆಕ್ಕದ ಪ್ರಕಾರ ಅತಿ ಸಂಭವನೀಯ ಕೋನ 45 ಡಿಗ್ರಿ; ಅಂದರೆ ನೇರ ಹೊಡೆತ ಅಪರೂಪ, ಓರೆ ಹೊಡೆತವೇ ರೂಢಿ.

ಚಂದ್ರ ಅಂಥದೊಂದು ಡಿಕ್ಕಿಯ ಕೂಸು ಎಂಬ ವಾದವನ್ನು 1975ರಲ್ಲಿ ವಿಲಿಯಂ ಹಾರ್ಟ್‌ಮನ್ ಮತ್ತು ಡೊನಾಲ್ಡ್ ಡೇವಿಸ್ ಮುಂದಿಟ್ಟರು. ಮಂಗಳನಷ್ಟು ದೊಡ್ಡ ಕಾಯ ಎಳೆಯ ಭೂಮಿಗೆ ಬಡಿದು, ಸಿಡಿದ ದ್ರವ್ಯ ಸುತ್ತ ಸೇರಿ ಚಂದ್ರನಾಯಿತು ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಹಾಗಾದರೆ ಹೊಸ ಚಂದ್ರನ ಮೇಲ್ಮೈ ಕರಗಿದ ಕಲ್ಲಿನ ಕಡಲಾಗಿರಬೇಕು. ಹಾಲಿನ ಮೇಲೆ ಕೆನೆ ಕಟ್ಟುವಂತೆ ಹಗುರ ಖನಿಜಗಳು ತೇಲಿ ತೊಗಟೆಯಾಗಿರಬೇಕು.

ಇದಕ್ಕೆ ಸಾಕ್ಷಿ ಹೇಳಿದ್ದರಲ್ಲಿ ನಮ್ಮ ಚಂದ್ರಯಾನ-3 ಕೂಡ ಒಂದು. 2023ರ ಆಗಸ್ಟ್ 23ರಂದು ಬೆಂಗಳೂರಿನ ನಿಯಂತ್ರಣ ಕೇಂದ್ರದ ನಿಗಾದಲ್ಲಿ ಅದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅದರ ಪ್ರಜ್ಞಾನ್ ರೋವರ್ ಸುಮಾರು 100 ಮೀಟರ್ ಹಾದಿಯಲ್ಲಿ 23 ಕಡೆ ಮಣ್ಣಿನ ಪರೀಕ್ಷೆ ಮಾಡಿತು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ತಂಡ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, ಆ ಮಣ್ಣು ಬಹುಪಾಲು ಅದೇ ಕೆನೆಯ ಕಲ್ಲು. ಜೊತೆಗೆ ನಿರೀಕ್ಷೆಗಿಂತ ಹೆಚ್ಚು ಮೆಗ್ನೀಸಿಯಂ ಇತ್ತು. ಹತ್ತಿರದಲ್ಲೇ ಸುಮಾರು 2,500 ಕಿ.ಮೀ. ಅಗಲದ ಬೃಹತ್ ಕುಳಿ ತೋಡಿದ ಇನ್ನೊಂದು ಡಿಕ್ಕಿ ಒಳಪದರವನ್ನು ಮೇಲಕ್ಕೆ ಎಸೆದಿರಬಹುದು ಎಂಬುದು ಅವರ ಅನುಮಾನ. ಒಂದು ಹೊಡೆತ ಕಟ್ಟಿದ್ದನ್ನು ಇನ್ನೊಂದು ಬಗೆದು ತೋರಿಸಿತು.

ಗ್ರಹಗಳು ಇಂತಿಷ್ಟು ಸಾಮಗ್ರಿಯಿಂದ ಇಂಥದೇ ಆಗುತ್ತವೆ ಎಂಬ ಭರವಸೆ ಇಲ್ಲಿ ಸಡಿಲವಾಗುತ್ತದೆ. ಶುಕ್ರ ಗಾತ್ರದಲ್ಲಿ ಭೂಮಿಗೆ ಹೆಚ್ಚುಕಡಿಮೆ ಸರಿಸಮ. ಆದರೂ ಅದಕ್ಕೆ ಚಂದ್ರನಿಲ್ಲ; ಹಿಮ್ಮುಖವಾಗಿ ತಿರುಗುವ ಅದು ಒಂದು ಸುತ್ತಿಗೆ 243 ದಿನ ತೆಗೆದುಕೊಳ್ಳುತ್ತದೆ. ದೂರದ ನಕ್ಷತ್ರದ ಸುತ್ತ ‘ಭೂಮಿಯಷ್ಟೇ ದೊಡ್ಡ ಗ್ರಹ’ ಸಿಕ್ಕಿತೆಂಬ ಸುದ್ದಿ ಓದಿದಾಗ ಗಾತ್ರ ನೋಡಿ ಹಿಗ್ಗುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅದು ಯಾರ ಯಾರ ಹೊಡೆತ ತಿಂದು, ಯಾವುದರಿಂದ ಪಾರಾಗಿ ಬಂತು?